ಬಸವಂತರಾಯರ ಸಪ್ಪಳ ಮತ್ತು ಬದಾಮಿನ ಹಿಟ್ಟು

ಸೇಡಂನ ಬಸವಂತರಾಯರು ಖಡಕ್ ರೊಟ್ಟಿ ಕಡಿದರೆ ಅದರ ಸಪ್ಪಳ ನಾಲ್ಕು ತಾಲೂಕಿಗೆ ಕೇಳಿಸುತ್ತದೆ ಎಂಬುದು ಆ ಕಡೆಯ ಹಳೆಯ ಮಾತು. ವಾಡಿ ಜಂಕ್ಷನ್ನಿನಲ್ಲಿ ಒಮ್ಮೆ ಗೂಡ್ಸ್ ಗಾಡಿಯ ಗಾರ್ಡು ಆ ಸಪ್ಪಳ ಕೇಳಿ, ಡಬ್ಬಿ ಕಳಚಿತೆಂದು ತಿಳಿದು, ಕೆಂಪು ಬಾವುಟ ಬೀಸಿಬಿಟ್ಟನಂತೆ. ಶಹಾಬಾದಿನ ಕಲ್ಲುಗಣಿಯಲ್ಲಿ ಕೂಲಿಯವರು ‘ಬಂಡೆ ಸೀಳಿತು’ ಎಂದು ಹಾರೆ ಬಿಸಾಕಿ ಮೇಲೆ ಓಡಿ ಬಂದರಂತೆ. ಚಿತ್ತಾಪುರದ ಕೋರ್ಟಿನಲ್ಲಿ ಜಡ್ಜರು ‘ಯಾರದು ಗದ್ದಲ?’ ಎಂದು ಗದರಿದರೆ, ವಕೀಲರು ಕೈ ಮುಗಿದು ‘ನಾವಲ್ಲ ಸ್ವಾಮಿ, ಸೇಡಂನಲ್ಲಿ ಬಸವಂತರಾಯರು ಊಟಕ್ಕೆ ಕೂತಿದ್ದಾರೆ’ ಎಂದರಂತೆ. ಚಿಂಚೋಳಿ ಕಾಡಿನಲ್ಲಿ ಹಣ್ಣು ಕೀಳುತ್ತಿದ್ದ ಮಂಗಗಳು ಕೊಂಬೆ ಮುರಿಯಿತೆಂದು ಕೈಬಿಟ್ಟು ಕೆಳಗೆ ಬಿದ್ದವಂತೆ. ಈ ಕತೆಗಳನ್ನೆಲ್ಲ ಹಬ್ಬಿಸಿದವರು ಯಾರು ಎಂದು ಮಾತ್ರ ಕೇಳಬಾರದು. ಕೇಳಿದರೆ ಬಸವಂತರಾಯರು ಐದನೆಯದನ್ನೂ ಹೇಳುತ್ತಾರೆ.

ಅಂಥವರ ಮನೆಯಲ್ಲಿ ಹತ್ತೊಂಬತ್ತು ದಿನಗಳಿಂದ ಒಂದು ಸಪ್ಪಳವಿಲ್ಲ.

ಮಧ್ಯಾಹ್ನ ಎರಡು ಗಂಟೆ. ಅಡುಗೆಮನೆಯಲ್ಲಿ ರಾಜೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ. ಅವಳ ಗಂಡ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಬಸವಂತರಾಯರು, ನೆಲದ ಮೇಲೆ ಕೂತು, ಉಪ್ಪಿನ ಡಬ್ಬಿಗೆ ಮೊಬೈಲು ಆನಿಸಿಟ್ಟುಕೊಂಡು, ಪೂಜೆಗೆ ಕೂತವರಂತೆ ಅದರಲ್ಲಿನ ಅಡುಗೆಯ ವಿಡಿಯೋ ನೋಡುತ್ತಿದ್ದಾರೆ.

ರಾಜೇಶ್ವರಿ: ಒಂದು ರೊಟ್ಟಿ! ಒಂದೇ ಒಂದು! ಅಂಬರೇಶನ ಮುಂದ ಕುಂತು ಒಮ್ಮಿ ಕಡೀರಿ ಅಂದ್ರ ನಿಮ್ಮ ಗಂಟೇನು ಹೋಗ್ತದ?

ಬಸವಂತರಾಯ: ಮಾತು ಹೋಗ್ತದ. ಭಾಗಣ್ಣನ ಹೋಟೆಲಿನಾಗ ಹನ್ನೊಂದು ಮಂದಿ ಮುಂದ ಕೊಟ್ಟ ಮಾತು. ಇಪ್ಪತ್ತೊಂದು ದಿನದಾಗ ಜ್ವಾಳ, ಸಜ್ಜಿ, ಗೋಧಿ, ಅಕ್ಕಿ, ಇದರಾಗ ಒಂದು ಕಾಳು ಮುಟ್ಟಿದ್ರ ನನ್ನ ಹೆಸರು ಬಸವಂತರಾಯ ಅಲ್ಲ ಅಂದೀನಿ.

ರಾಜೇಶ್ವರಿ: ಹೆಸರು ಬದಲಾದ್ರ ಆಗ್ಲಿ ಬಿಡ್ರಿ. ಆಧಾರ ಕಾರ್ಡಿಗಿ ನಾನೇ ಓಡ್ಯಾಡ್ತೀನಿ.

ಬಸವಂತರಾಯ: ನಗು, ನಗು. ಸಕ್ಕರಿ ಕಾಯಿಲಿ ಹೊಸ್ತಿಲಕ್ಕ ಬಂದು ನಿಂತದ ಅಂತ ಚಿತ್ತಾಪುರದ ಪ್ರೀತಿ ಹೇಳ್ಯಾಳ. ಸ್ವಂತ ಅಣ್ಣನ ಮಗಳು, ಆಹಾರದ ಮ್ಯಾಲೇ ಡಿಗ್ರಿ ಮಾಡ್ಯಾಳ.

ರಾಜೇಶ್ವರಿ: ಆಕಿ ಏನಂದ್ಲು, ನಾನೂ ಅಲ್ಲೇ ಇದ್ದೆ. ‘ಕಾಕಾ, ಹೊತ್ತಿಗಿ ಆರು ರೊಟ್ಟಿ ತಿನ್ನೋದು ಮೂರು ಮಾಡ್ರಿ’ ಅಂದ್ಲು. ಪೂರಾ ಬಿಡ್ರಿ ಅಂದಾಳೇನು?

ಬಸವಂತರಾಯ: ಕಡಿಮಿ ಮಾಡೋದು ಸಣ್ಣ ಮಂದಿ ಕೆಲಸ. ಬಿಡೋದು ವೀರರ ಕೆಲಸ.

ರಾಜೇಶ್ವರಿ: ಹೌದೌದು. ವೀರರು ರೊಟ್ಟಿ ಬಿಟ್ರು, ಅದರ ಬದ್ಲಿ ಹಗಲೆಲ್ಲ ಚಾ ಕುಡಿಯೋದು ಹಿಡದ್ರು. ಮುಂಜಾನಿ ಒಂದು, ಸಂಜಿಗಿ ಒಂದು, ಅಷ್ಟು ದೊಡ್ಡ ಗಿಲಾಸ ತಗೊಂಡು ಮಾಳಗಿ ಮ್ಯಾಲ ಹೋಗಿ ಕುಂದ್ರತೀರಿ. ಅದೇನು?

ಬಸವಂತರಾಯ: ಧ್ಯಾನ. ಹಸಿವಿ ಗೆಲ್ಲಬೇಕಂದ್ರ ಏಕಾಂತ ಬೇಕಾಗ್ತದ.

ರಾಜೇಶ್ವರಿಯ ಸಿಟ್ಟಿಗೆ ಕಾರಣವಿತ್ತು. ಅವಳೂ ಓಣಿಯ ನಾಲ್ಕು ಹೆಂಗಸರೂ ಕೂಡಿ ಜೋಳದ ರೊಟ್ಟಿ ಬಡಿದು, ಖಡಕ್ ಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿ ಮಾರುತ್ತಿದ್ದರು. ಇಂದು ನಾಲ್ಕು ಗಂಟೆಗೆ ಅಂಬರೇಶ ಬರುವವನಿದ್ದ. ಕೋಡ್ಲಾ ಕಡೆ ಕೂಲಿಯವರಿಗೆ ಊಟ ಹಾಕುವ ಕ್ಯಾಂಟೀನಿನ ಗುತ್ತೇದಾರ. ಅವನಿಗೆ ಒಪ್ಪಿಗೆಯಾದರೆ ವರ್ಷವಿಡೀ ದಿನಕ್ಕೆ ಐನೂರು ರೊಟ್ಟಿಯ ಕೆಲಸ. ಆಗದಿದ್ದರೆ ಹಿತ್ತಲಲ್ಲಿ ಕೂತು ಕಾಯುತ್ತಿರುವ ನಾಲ್ವರೂ ನಾಳೆಯಿಂದ ತೊಗರಿ ಹೊಲಕ್ಕೆ ಕೂಲಿ ಹುಡುಕಿಕೊಂಡು ಹೋಗಬೇಕು. ಇಂಥ ದಿನ ಮನೆಯ ಯಜಮಾನನೇ ರೊಟ್ಟಿ ಬಿಟ್ಟು ಕೂತರೆ?

ರಾಜೇಶ್ವರಿ: ಮಂದಿ ಏನಂತಾರ ಗೊತ್ತದೇನು? ‘ರೊಟ್ಟಿ ಮಾರಾಕಿ ಗಂಡನೇ ರೊಟ್ಟಿ ಬಿಟ್ಟಾನ, ಅದರಾಗ ಏನು ಕಲಸ್ತಾಳೋ ಏನೋ’ ಅಂತಾರ. ಅಂಬರೇಶನ ಕಿವಿಗೂ ಬಿದ್ದದ. ಫೋನಿನಾಗ ಕೇಳ್ದ, ‘ಅಕ್ಕೋರ, ಕಾಕಾ ಹುಷಾರ ಅದಾರಲ್ಲ?’ ಅಂತ.

ಬಸವಂತರಾಯ: ಸತ್ಯವಂತರಿಗಿ ಆಡಿಕೊಳ್ಳೋರು ಇದ್ದೇ ಇರ್ತಾರ.

ರಾಜೇಶ್ವರಿ: ಇದು ಸಾಲದಂತ ಆ ಇಲಿ ಬ್ಯಾರೆ. ಹದಿನೈದು ದಿವಸ ಆತು, ದಿನಕ್ಕ ಎರಡು ರೊಟ್ಟಿ ಮಾಯ. ಬೋನು ಇಟ್ಟೆ, ಕೊಬ್ಬರಿ ಇಟ್ಟೆ, ಮೂಸಿ ಸುದ್ದಾ ನೋಡಂಗಿಲ್ಲ. ಆ ಇಲಿಗಿ ಜ್ವಾಳದ ರೊಟ್ಟೀನೇ ಬೇಕಂತ! ಒಂದು ಚೂರು ಕೆಳಗ ಬಿಡಂಗಿಲ್ಲ, ಒಂದು ಸಪ್ಪಳ ಮಾಡಂಗಿಲ್ಲ.

ಬಸವಂತರಾಯ: ಭಾಳ ಶಾಣ್ಯಾ ಇಲಿ. ನಾ ಕಣ್ಣಾರೆ ಕಂಡೀನಿ. ಮೊಲದಷ್ಟು ಅದ.

ರಾಜೇಶ್ವರಿ: ಕಂಡವರು ಬಡೀಬಾರದೇನು?

ಬಸವಂತರಾಯ: ವ್ರತದಾಗ ಹಿಂಸಾ ಮಾಡಬಾರದು.

ರಾಜೇಶ್ವರಿ ಹಣೆ ಬಡಿದುಕೊಂಡಳು. ರಾಯರು ಮೊಬೈಲಿನ ಕಡೆ ಬೆರಳು ತೋರಿಸಿ ದನಿ ತಗ್ಗಿಸಿದರು. ದೊಡ್ಡ ಯುದ್ಧದ ಮುಂಚೆ ಸೇನಾಪತಿಗಳು ಹೀಗೆಯೇ ದನಿ ತಗ್ಗಿಸುತ್ತಾರೆ.

ಬಸವಂತರಾಯ: ಕೇಳಿಲ್ಲಿ. ಇದಕ್ಕ ಕ್ರ್ಯಾಕರ್ ಅಂತಾರ. ಬದಾಮಿನ ಹಿಟ್ಟಿನಾಗ ಮಾಡ್ತಾರ. ಒಂದು ಕಾಳು ಧಾನ್ಯ ಇಲ್ಲ. ಆದ್ರ ಕಡಿದ್ರ ಕಟಕ್ ಅಂತದ. ಅಂಬರೇಶ ಹೊರಗ ಪಡಸಾಲ್ಯಾಗ ಕುಂತಿರ್ತಾನ. ನಾ ಒಳಗ ಕುಂತು ಇದನ್ನ ಕಡೀತೀನಿ. ನೀ ಹೊರಗ ನಿಂತು, ‘ನೋಡ್ರಿ, ನಮ್ಮನಿಯವರು ರೊಟ್ಟಿ ತಿನ್ಲಿಕತ್ತಾರ’ ಅನ್ನು. ಸಪ್ಪಳ ಅದೇ ಸಪ್ಪಳ.

ರಾಜೇಶ್ವರಿ: ಅಂದ್ರ ನಾ ಸುಳ್ಳು ಹೇಳ್ಬೇಕು?

ಬಸವಂತರಾಯ: ಸುಳ್ಳು ನೀ ಹೇಳ್ತಿ, ವ್ರತ ನಂದು ಉಳೀತದ. ಗಂಡ ಹೆಂಡ್ತಿ ಅಂದಮ್ಯಾಲ ಹಿಂಗ ಕೆಲಸ ಹಂಚ್ಕೋಬೇಕು.

ರಾಜೇಶ್ವರಿ ಏನೋ ಬಿರುಸಾಗಿ ಹೇಳುವವಳಿದ್ದಳು. ಆದರೆ ಗಡಿಯಾರ ನೋಡಿದಳು. ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಓಣಿಯ ಮೂಲೆಯ ಹಿಟ್ಟಿನ ಗಿರಣಿಯ ಸಿರಾಜುದ್ದೀನ, ಹುಬ್ಬಿನವರೆಗೂ ಹಿಟ್ಟು ಬಳಿದುಕೊಂಡು, ಕೈಯಲ್ಲಿ ಬಿಸಿ ಚೀಲ ಹಿಡಿದು ಒಳಗೆ ಬಂದ.

ಸಿರಾಜುದ್ದೀನ: ತಗೋರಿ ಸಾವಕಾರ್ರ, ನಿಮ್ಮ ಬದಾಮಿನ ಹಿಟ್ಟು. ಒಂದು ಕಿಲೋ ಕೊಟ್ಟಿದ್ರಿ, ಒಂದು ಕಿಲೋ ತಂದೀನಿ. ತೂಕದಾಗ ಒಂದು ಚಿಟಿಕಿ ಕಮ್ಮಿ ಇಲ್ಲ. ನಮ್ಮ ಗಿರಣ್ಯಾಗ ತೂಕ ಹೋದ್ರ ಇಮಾನ ಹೋದಂಗ.

ರಾಜೇಶ್ವರಿ: ಸಿರಾಜಣ್ಣ, ಬದಾಮ ಯಾರಾರ ಗಿರಣಿಗಿ ಹಾಕ್ತಾರೇನು? ಎಣ್ಣಿ ಬಿಟ್ಟು ಕಲ್ಲಿಗಿ ಮೆತ್ಕೊಳ್ಳಂಗಿಲ್ಲೇನು?

ಸಿರಾಜುದ್ದೀನ: ಮೆತ್ಕೊಂಡ್ತು ಅಕ್ಕಾ! ನಲವತ್ತು ವರ್ಷದಾಗ ನಮ್ಮ ಕಲ್ಲು ಹಿಂಗ ಹಟ ಹಿಡಿದಿದ್ದು ನೋಡಿಲ್ಲ. ತಿರುಗ್ಲಿಕ್ಕೆ ಒಲ್ಲೆ ಅಂತು. ಆದ್ರ ಸಿರಾಜುದ್ದೀನಗ ಇಲಾಜು ಗೊತ್ತದ.

ಬಸವಂತರಾಯ: ಏನು ಇಲಾಜು?

ಸಿರಾಜುದ್ದೀನ: ಅದು ಗಿರಣಿಯವರ ಗುಟ್ಟು. ನೀವು ಕಲ್ಲಿನ ವ್ಯಾಪಾರದ ಗುಟ್ಟು ನಂಗ ಹೇಳ್ತೀರೇನು?

ಬಸವಂತರಾಯ: ಛೇ.

ಸಿರಾಜುದ್ದೀನ: ಮತ್ತ? ನಾ ಇಲ್ಲೇ ಕುಂದ್ರತೀನಿ. ಕರೆಂಟು ಹೋಗ್ಯಾದ, ಗಿರಣಿ ಬಂದ್ ಅದ, ಬದಾಮಿನ ತಮಾಷಾ ನೋಡೇ ಹೋಗ್ತೀನಿ.

ಅವನು ಕಾಳಿನ ಮೂಟೆಯ ಮೇಲೆ ಕೂತ. ರಾಯರು ಪರಾತಿಗೆ ಹಿಟ್ಟು ಸುರಿದು, ಉಪ್ಪು, ಎಳ್ಳು, ಅಜವಾನ ಹಾಕಿ, ಮೊಬೈಲಿನ ಹೆಣ್ಣುಮಗಳು ಹೇಳಿದಂತೆ ಎರಡು ಚಮಚ ತಣ್ಣೀರು ಬಿಟ್ಟು ನಾದಲು ಶುರು ಮಾಡಿದರು. ಹಿಟ್ಟು ಬೆರಳ ಸಂದಿಯಿಂದ ಮರಳಿನಂತೆ ಉದುರಿತು.

ರಾಜೇಶ್ವರಿ: ಏನ್ರಿ, ಕಾಗಿಣಾ ಹೊಳಿ ಉಸುಕು ತಂದೀರೇನು?

ಬಸವಂತರಾಯ: ಆಕಿ ಇದಕ್ಕ ಒಂದು ತತ್ತಿ ಒಡೆದು ಹಾಕ್ರಿ ಅಂತಾಳ.

ರಾಜೇಶ್ವರಿ: ನಮ್ಮ ಮನ್ಯಾಗ? ನಮ್ಮ ಅತ್ತಿ ಫೋಟೋ ಗೋಡಿ ಬಿಟ್ಟು ಕೆಳಗ ಬೀಳ್ತದ.

ಬಸವಂತರಾಯ: ಅದಕ್ಕೇ ಅದೊಂದು ಬಿಟ್ಟೀನಿ. ನಿಧಾನಕ ಕೂಡ್ತದ ತಡಿ.

ರಾಜೇಶ್ವರಿ: ಕೂಡ್ತದ, ಮುಂದಿನ ಯುಗಾದಿಗಿ. ಸರೀರಿ ಆ ಕಡಿ.

ಅವಳು ಅವರನ್ನು ಮೊಣಕೈಯಿಂದಲೇ ಪಕ್ಕಕ್ಕೆ ಸರಿಸಿದಳು. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು, ಜೋಳದ ಹಿಟ್ಟಿಗೆ ಹೊಯ್ಯುವ ಹಾಗೆ, ನಡುವೆ ಗುಂಡಿ ಮಾಡಿ ಹೊಯ್ದಳು. ತುಸು ಹೊತ್ತು ಬಿಟ್ಟು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಹಿಟ್ಟು ಮೆಲ್ಲಗೆ ಜಿಗುಟು ಹಿಡಿದು ಉಂಡೆಯಾಯಿತು. ರಾಜೇಶ್ವರಿ ಹಿಗ್ಗಲಿಲ್ಲ, ಉಂಡೆಯನ್ನು ಅನುಮಾನದಿಂದ ನೋಡಿದಳು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಹಿಟ್ಟಿನ ಜಾತಕ ಅದಕ್ಕೆ ಗೊತ್ತು.

ರಾಜೇಶ್ವರಿ: ಸುಡುನೀರಿಗಿ ಜಿಗಿ ಬಿಡೋದು ಜ್ವಾಳದ ಗುಣ. ಈ ಬದಾಮಿಗಿ ಜ್ವಾಳದ ಬುದ್ಧಿ ಎಲ್ಲಿಂದ ಬಂತು?

ಸಿರಾಜುದ್ದೀನನಿಗೆ ಯಾಕೋ ಜೋರಾಗಿ ಕೆಮ್ಮು ಬಂತು.

ಬಸವಂತರಾಯ: ಒಳ್ಳೇ ಬದಾಮ ಅಂದ್ರ ಹಂಗೇ ಇರ್ತದ. ನಾ ಆರಿಸಿ ಆರಿಸಿ ತಂದೀನಿ.

ಮುಂದಿನದು ರಾಯರ ಕಸುಬಿನ ಕೆಲಸ. ಅಂಗಳದಲ್ಲಿದ್ದ ನುಣುಪಾದ ಪರಸಿ ಕಲ್ಲೊಂದನ್ನು ತೊಳೆದು ತಂದು, ಅದರ ಮೇಲೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿದರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಕಲ್ಲು ಅಳೆಯುವ ಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ಗೆರೆ ನೋಡತೊಡಗಿದರು.

ರಾಜೇಶ್ವರಿ: ಅಯ್ಯ, ಇದೇನು?

ಬಸವಂತರಾಯ: ಎರಡಿಂಚಿಗಿ ಎರಡಿಂಚು. ಮೂಲಿಗಿ ಮೂಲಿ ಕೂಡಬೇಕು.

ರಾಜೇಶ್ವರಿ: ಇದು ತಿನ್ನಾಕೋ, ಬಚ್ಚಲಿಗಿ ಹಾಸಾಕೋ?

ಸಿರಾಜುದ್ದೀನ: ಸಾವಕಾರ್ರ, ನಡುವ ಸಿಮೆಂಟು ತುಂಬ್ಲಿಕ್ಕೆ ಸಂದು ಬಿಡ್ರಿ ಮತ್ತ.

ಬಸವಂತರಾಯ: ಕಲಾ ತಿಳೀದವರ ಮುಂದ ಮಾತಾಡಬಾರದು. ಆ ದಬ್ಬಣ ಕೊಡು.

ರಾಜೇಶ್ವರಿ: ದಬ್ಬಣ ಯಾಕ?

ಬಸವಂತರಾಯ: ಒಂದೊಂದಕ್ಕ ಒಂಬತ್ತು ತೂತು ಹಾಕಬೇಕು. ಉಬ್ಬಬಾರದು ಅಂತ.

ರಾಜೇಶ್ವರಿ: ನಾವು ಹುಟ್ಟಿದಾಗಿಂದ ರೊಟ್ಟಿ ಉಬ್ಬಲಿ ದೇವರೇ ಅಂತ ಬಡೀತೀವಿ. ನೀವು ಉಬ್ಬಬಾರದು ಅಂತ ತೂತು ಹಾಕ್ಲಿಕತ್ತೀರಿ. ಉಬ್ಬಿದ ನಿಮಗ ತೂತು ಹಾಕೋರು ಯಾರಿಲ್ಲ, ಅದೇ ನಮ್ಮ ಹಣೆಬರಹ.

ಮೊಬೈಲಿನ ಹೆಣ್ಣುಮಗಳು ಇದನ್ನು ನೂರಾ ಎಪ್ಪತ್ತು ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಇಡಿ ಎಂದಳು.

ರಾಜೇಶ್ವರಿ: ನಮ್ಮ ಒಲಿಗಿ ಎರಡೇ ಡಿಗ್ರಿ. ಒಂದು ಹೊತ್ಯಾದ, ಒಂದು ಆರ್ಯಾದ.

ರಾಯರು ‘ಹೊತ್ಯಾದ’ ಎಂಬ ಡಿಗ್ರಿಯನ್ನೇ ಆರಿಸಿದರು. ದೊಡ್ಡ ಉರಿಗೆ ಹೆಂಚಿಟ್ಟು ಹದಿನಾರು ತುಂಡು ಒಟ್ಟಿಗೇ ಜೋಡಿಸಿದರು. ಮೂರನೆಯ ನಿಮಿಷಕ್ಕೆ ಹೊಗೆ ಪಡಸಾಲೆ ದಾಟಿತು. ಹಿತ್ತಲಿನ ಹೆಂಗಸರು ‘ಅಕ್ಕಾ, ಏನರ ಹತ್ಯಾದೇನು?’ ಎಂದು ಕೂಗಿದರು.

ರಾಜೇಶ್ವರಿ: ಏನಿಲ್ಲವ್ವಾ, ವೀರರ ಅಡುಗಿ!

ಹದಿನಾರೂ ಇದ್ದಿಲಾಗಿದ್ದವು. ಸಿರಾಜುದ್ದೀನ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಒಂಬತ್ತೂ ತೂತಿನಲ್ಲಿ ಆಕಾಶ ನೋಡಿ, ‘ಅಳತಿ ಮಾತ್ರ ಬರಾಬರ್ ಅದ’ ಎಂದ. ಗಡಿಯಾರದಲ್ಲಿ ಮೂರೂವರೆ. ರಾಜೇಶ್ವರಿ ಉರಿ ಸಣ್ಣ ಮಾಡಿದಳು. ಉಳಿದ ಹಿಟ್ಟು ಲಟ್ಟಿಸಿ ಹೆಂಚಿಗೆ ಹಾಕಿ, ಅರಿವೆಯ ಗಂಟಿನಿಂದ ಒಂದೊಂದನ್ನೇ ಮೆತ್ತಗೆ ಒತ್ತುತ್ತ, ತಿರುವುತ್ತ, ಮತ್ತೆ ಒತ್ತುತ್ತ, ಖಡಕ್ ರೊಟ್ಟಿ ಮಾಡುವ ಹಾಗೆಯೇ ನೀರಿನಂಶ ಹೊರಡಿಸಿದಳು. ತುಂಡುಗಳು ಹೊಂಬಣ್ಣಕ್ಕೆ ತಿರುಗಿ, ಒಂದಕ್ಕೊಂದು ತಾಗಿದರೆ ಗಲ್ ಗಲ್ ಎನ್ನತೊಡಗಿದವು. ರಾಯರ ಕಣ್ಣು ಒದ್ದೆಯಾಯಿತು.

ಬಸವಂತರಾಯ: ಆಹಾ! ಹತ್ತೊಂಬತ್ತು ದಿನ ಆತು ಈ ದನಿ ಕೇಳಿ.

ರಾಜೇಶ್ವರಿ: ಅಳಬ್ಯಾಡ್ರಿ, ಮೆತ್ತಗಾಗ್ತಾವ.

ಅಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ಲು ನಿಂತಿತು. ಅಂಬರೇಶ ಬಂದೇ ಬಿಟ್ಟಿದ್ದ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಕರಾರಿನ ಕಾಗದ. ರಾಜೇಶ್ವರಿ ಗಂಡನಿಗೆ ಬೆರಳು ತೋರಿಸಿ, ‘ನಾ ಕೆಮ್ಮಿದ ಮ್ಯಾಲ ಕಡೀರಿ. ಹೊರಗ ಬಂದೀರಿ ಅಂದ್ರ ನೋಡ್ರಿ!’ ಎಂದು ಪಿಸುಗುಟ್ಟಿ ನೀರಿನ ತಂಬಿಗೆ ಹಿಡಿದು ಹೊರಗೆ ಹೋದಳು. ಸಿರಾಜುದ್ದೀನ ತಮಾಷೆ ತಪ್ಪಬಾರದೆಂದು ಬಾಗಿಲಿಗೆ ಆನಿಕೊಂಡು ನಿಂತ.

ಅಂಬರೇಶ: ನಮಸ್ಕಾರ ಅಕ್ಕೋರ. ಕಾಕಾ ಎಲ್ಲಿ? ಊರಾಗ ಏನೇನೋ ಅಂತಾರ.

ರಾಜೇಶ್ವರಿ: ಕುಂದ್ರಿ, ಕುಂದ್ರಿ. ಅವರು ಒಳಗ ಊಟಕ್ಕ ಕುಂತಾರ.

ಅವಳು ಕೆಮ್ಮಿದಳು.

ಒಳಗಿಂದ ‘ಕಟಕ್’ ಎಂದಿತು.

ಅಂಬರೇಶನ ಕೈಯಲ್ಲಿನ ನೀರು ಅಂಗಿಯ ಮೇಲೆ ಚೆಲ್ಲಿತು. ಮಾಡಿನ ಮೇಲಿನ ಪಾರಿವಾಳಗಳು ಹಾರಿದವು. ಓಣಿಯ ನಾಯಿ ಹತ್ತೊಂಬತ್ತು ದಿನಗಳ ನಂತರ ತನ್ನ ಶತ್ರುವಿನ ದನಿ ಕೇಳಿ ಸಂತೋಷದಿಂದ ಬೊಗಳಿತು.

ಅಂಬರೇಶ: ಅಬ್ಬಾ! ಇದು ಕಾಕಾನ ಸಪ್ಪಳ! ಅಕ್ಕೋರ, ಇದು ನಿಮ್ಮ ರೊಟ್ಟಿ ಹೌದಲ್ಲ?

ರಾಜೇಶ್ವರಿ ಜೀವನದಲ್ಲಿ ಮೊದಲ ಸಲ ವ್ಯಾಪಾರಕ್ಕಾಗಿ ಒಂದು ಸುಳ್ಳು ಹೇಳಲು ಬಾಯಿ ತೆರೆದಳು. ಆದರೆ ಕೀರ್ತಿಯೆಂಬುದು ಅಡುಗೆಮನೆಯಲ್ಲಿ ಕೂತು ಸುಮ್ಮನಿರುವ ವಸ್ತುವಲ್ಲ. ಬಸವಂತರಾಯರು ತಟ್ಟೆ ಹಿಡಿದು, ಎದೆಯುಬ್ಬಿಸಿ, ಪಡಸಾಲೆಗೆ ಬಂದೇಬಿಟ್ಟರು.

ಬಸವಂತರಾಯ: ರೊಟ್ಟಿ ಅಲ್ಲೋ ತಮ್ಮಾ! ಬದಾಮು! ನನ್ನ ಸ್ವಂತ ಕೈಯಿಂದ ಮಾಡಿದ್ದು. ಇದರಾಗ ಒಂದು ಕಾಳು ಧಾನ್ಯ ಇಲ್ಲ!

ರಾಜೇಶ್ವರಿ: (ಹಲ್ಲು ಕಚ್ಚಿ) ಕೆಲಸ ಹಂಚ್ಕೋಬೇಕು ಅಂದವರು ಯಾರ್ರಿ?

ಬಸವಂತರಾಯ: ತಿನ್ನೋ ಅಂಬರೇಶ. ವಾಡಿ ತನಕ ಕೇಳಸ್ತದ.

ಅಂಬರೇಶ ಒಂದು ತುಂಡು ಬಾಯಿಗೆ ಹಾಕಿ, ಕಣ್ಣು ಮೇಲೆ ಮಾಡಿ, ಅಗಿದ.

ಅಂಬರೇಶ: ಚಲೋ ಅದ ಕಾಕಾ. ಆದ್ರ ಜ್ವಾಳದ ರುಚಿ ಬರ್ಲಿಕತ್ತದಲ್ಲ?

ಬಸವಂತರಾಯ: ಅದು ಹೆಂಚಿನ ವಾಸನಿ.

ಅಂಬರೇಶ: ಹೆಂಚಿಂದಲ್ಲ ಕಾಕಾ. ನಾ ಕ್ಯಾಂಟೀನ ನಡಸಾಂವ. ಇದರಾಗ ಮೂರು ಪಾಲು ಬದಾಮ ಇದ್ರ ಒಂದು ಪಾಲು ಜ್ವಾಳ ಅದ.

ಬಸವಂತರಾಯ: ಒಂದು ಕಾಳು ತೋರಸು, ನಾ ಮೀಶಿ ಬೋಳಸ್ತೀನಿ!

ಸಿರಾಜುದ್ದೀನ: ಸಾವಕಾರ್ರ, ಮೀಶಿ ಮ್ಯಾಲ ಮಾತು ಕೊಡಬ್ಯಾಡ್ರಿ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಸಿರಾಜುದ್ದೀನ ಹೆಗಲ ಮೇಲಿನ ವಸ್ತ್ರದಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡ.

ಸಿರಾಜುದ್ದೀನ: ಕಲ್ಲಿಗಿ ಬದಾಮ ಮೆತ್ಕೊಂಡ್ರ ಇಲಾಜು ಒಂದೇ. ಬೆನ್ನಿಗೇ ನಾಕು ಹಿಡಿ ಜ್ವಾಳ ಹಾಕಬೇಕು, ಕಲ್ಲು ಸಾಫ್ ಆಗ್ತದ. ಹಾಕ್ದೆ. ಬದಾಮ ಕಾಲು ಕಿಲೋ ಕಲ್ಲಿನಾಗೇ ಉಳೀತು. ಕಮ್ಮಿ ತೂಕ ಕೊಟ್ರ ಸಿರಾಜುದ್ದೀನ ಕಳ್ಳ ಅಂತಾರ. ಅದಕ್ಕ ಆ ಜ್ವಾಳದ ಹಿಟ್ಟೂ ಇದರಾಗೇ ತುಂಬಿ, ತೂಕ ಬರಾಬರ್ ಮಾಡಿ ಕೊಟ್ಟೆ.

ರಾಜೇಶ್ವರಿ: ಅದಕ್ಕೇ! ನಾ ಅಂದೆ, ಬದಾಮಿಗಿ ಜ್ವಾಳದ ಬುದ್ಧಿ ಎಲ್ಲಿಂದ ಬಂತು ಅಂತ!

ಸಿರಾಜುದ್ದೀನ: ಖುದಾ ಕಸಮ್ ಸಾವಕಾರ್ರ, ವ್ರತದ ನೆನಪೇ ಇರಲಿಲ್ಲ, ತೂಕದ್ದೊಂದೇ ನೆನಪಿತ್ತು. ಹತ್ತೊಂಬತ್ತು ದಿನದ ತಪಸ್ಸು ನನ್ನ ಕೈಲಿ ಹಾಳಾತು. ಬೈರಿ. ಬೇಕಾದ್ರ ಬಡೀರಿ.

ವ್ರತದ ನಾಲ್ಕನೆಯ ದಿನ ಬೇಳೆಯಲ್ಲಿ ಒಂದು ಅನ್ನದ ಅಗುಳು ಸಿಕ್ಕಿತೆಂದು ಪಾತ್ರೆಯನ್ನೇ ಅಂಗಳಕ್ಕೆ ಎಸೆದವರು ರಾಯರು. ಈಗ ಏನಾಗುವುದೋ ಎಂದು ರಾಜೇಶ್ವರಿ ತಂಬಿಗೆಯನ್ನು ದೂರ ಸರಿಸಿದಳು.

ಬಸವಂತರಾಯ: ಹೋಗ್ಲಿ ಬಿಡೋ ಸಿರಾಜ. ತಿಳೀದ ಆಗಿದ್ದು. ಮನಷಾ ಅಂದಮ್ಯಾಲ ಆಗ್ತದ.

ರಾಜೇಶ್ವರಿ ಗಂಡನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ದೊಡ್ಡ ಮನಸ್ಸು ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಎಲ್ಲೋ ಏನೋ ಬೇಯುತ್ತಿದೆ ಎಂದುಕೊಂಡಳು. ಆದರೆ ಯೋಚಿಸಲು ಹೊತ್ತಿರಲಿಲ್ಲ. ಅಂಬರೇಶ ಮಾದರಿಯ ರೊಟ್ಟಿ ಕೇಳಿದ. ಅವಳು ಒಳಗಿಂದ ಒಂದು ಕಟ್ಟು ತಂದು ಮುಂದಿಟ್ಟಳು. ಅವನು ಒಂದು ರೊಟ್ಟಿ ಮುರಿದ, ತಿಂದ, ತಲೆದೂಗಿದ. ಕರಾರಿನ ಕಾಗದ ಬಿಚ್ಚಿ ಪೆನ್ನು ತೆಗೆದ. ಆಮೇಲೆ, ಗುತ್ತೇದಾರರ ಅಭ್ಯಾಸದಂತೆ, ಕಟ್ಟನ್ನು ಬೆರಳಿನಿಂದ ಎಣಿಸಿದ.

ಅಂಬರೇಶ: ಅಕ್ಕೋರ, ಮುರಿದಿದ್ದು ಹಿಡಿದು ಎಂಟೇ ಅವಲ್ಲ?

ರಾಜೇಶ್ವರಿ: ಅಯ್ಯ, ಇವತ್ತೂ ಒಯ್ತೇನು ಆ ಮೂಳ ಇಲಿ!

ಮಾತು ಬಾಯಿಂದ ಬಿದ್ದಮೇಲೆ ಅವಳಿಗೆ ಅರಿವಾಯಿತು. ಅಂಬರೇಶ ಅಗಿಯುವುದನ್ನು ನಿಲ್ಲಿಸಿದ.

ಅಂಬರೇಶ: ಇಲಿ ಅದಾವೇನು ಮನ್ಯಾಗ?

ರಾಜೇಶ್ವರಿ: ಇಲ್ಲ, ಅಂದ್ರ… ಒಂದೇ ಅದ.

ಸಿರಾಜುದ್ದೀನ: ಮೊಲದಷ್ಟು ಅದಂತ. ಸಾವಕಾರ್ರು ಓಣಿಗೆಲ್ಲ ಹೇಳ್ಯಾರ.

ಅಂಬರೇಶ ಪೆನ್ನಿನ ಟೊಪ್ಪಿಗೆ ಮುಚ್ಚಿದ.

ಅಂಬರೇಶ: ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ರೊಟ್ಟಿ ಭಾಳ ಚಲೋ ಅದ. ಆದ್ರ ಐನೂರು ಮಂದಿ ಹೊಟ್ಟಿ ಪ್ರಶ್ನಿ. ಇಲಿ ಓಡ್ಯಾಡಿದ ರೊಟ್ಟಿ ನಾ ಒಯ್ಯಂಗಿಲ್ಲ.

ರಾಜೇಶ್ವರಿ ಅಳಲಿಲ್ಲ, ಬೇಡಲೂ ಇಲ್ಲ. ಬಿಚ್ಚಿದ ಕಟ್ಟಿಗೆ ಮತ್ತೆ ದಾರ ಸುತ್ತತೊಡಗಿದಳು. ಹಿತ್ತಲ ಬಾ­ಗಿಲ ಸಂದಿಯಲ್ಲಿ ನಾಲ್ಕು ಮುಖಗಳು ಒಂದರ ಮೇಲೊಂದು ಕಾಣುತ್ತಿದ್ದವು. ಬಸವಂತರಾಯರು ಆ ಮುಖಗಳನ್ನು ನೋಡಿದರು, ಹೆಂಡತಿಯ ಕೈಯಲ್ಲಿ ಗಂಟು ಬೀಳದೆ ಜಾರುತ್ತಿದ್ದ ದಾರ ನೋಡಿದರು. ಅಂಬರೇಶ ಹೊಸ್ತಿಲಿನಾಚೆ ಒಂದು ಕಾಲಿಟ್ಟಿದ್ದ.

ಬಸವಂತರಾಯ: ಅಂಬರೇಶ, ನಿಂದ್ರು. ಇಲಿ ಇಲ್ಲ.

ರಾಜೇಶ್ವರಿ: ನೀವೇ ಕಣ್ಣಾರೆ ಕಂಡೀನಿ ಅಂದ್ರಿ! ಎಲ್ಲಿ ಕಂಡ್ರಿ ಮತ್ತ?

ಬಸವಂತರಾಯ: ಕನ್ನಡ್ಯಾಗ.

ಯಾರಿಗೂ ತಕ್ಷಣ ತಿಳಿಯಲಿಲ್ಲ.

ಬಸವಂತರಾಯ: ನಾನೇ ತಿಂದೀನಿ. ಹದಿನೈದು ದಿವಸದಿಂದ, ದಿನಕ್ಕ ಎರಡು.

ಸಿರಾಜುದ್ದೀನನ ಕಣ್ಣಲ್ಲಿ ನೀರು ಬಂತು.

ಸಿರಾಜುದ್ದೀನ: ನೋಡ್ರಿ, ಇದಕ್ಕ ಗಂಡಸು ಅಂತಾರ! ಹೆಂಡ್ತಿ ವ್ಯಾಪಾರ ಉಳೀಲಿ ಅಂತ ಇಲಿ ಮಾಡಿದ ತಪ್ಪು ತನ್ನ ತಲಿ ಮ್ಯಾಲ ಹೊತ್ಕೊಂಡ್ರು!

ಬಸವಂತರಾಯ: ಅಲ್ಲೋ, ಖರೇನ ನಾನೇ ತಿಂದೀನಿ.

ಅಂಬರೇಶ: ಕಾಕಾ, ನಿಮ್ಮ ಪ್ರೀತಿಗಿ ಕೈ ಮುಗೀತೀನಿ. ಆದ್ರ ಸುಳ್ಳಿಗೂ ಒಂದು ಮಿತಿ ಬೇಕು. ನೀವು ರೊಟ್ಟಿ ಕಡಿದ್ರ ವಾಡ್ಯಾಗ ಗಾಡಿ ನಿಲ್ತದ ಅಂತ ನೀವೇ ಹೇಳೀರಿ.

ಸಿರಾಜುದ್ದೀನ: ಶಹಾಬಾದಿನಾಗ ಬಂಡೆ ಸೀಳ್ತದಂತ.

ಅಂಬರೇಶ: ಚಿಂಚೋಳ್ಯಾಗ ಮಂಗ ಕೆಳಗ ಬೀಳ್ತಾವಂತ. ಹಂಗಿದ್ದಾಗ ಹದಿನೈದು ದಿವಸ, ದಿನಕ್ಕ ಎರಡು, ಮೂವತ್ತು ಖಡಕ್ ರೊಟ್ಟಿ ತಿಂದೀರಿ, ಈ ಓಣ್ಯಾಗಿನ ನಾಯಿಗೆ ಸುದ್ದಾ ಕೇಳಿಲ್ಲ ಅಂದ್ರ ಯಾರು ನಂಬ್ತಾರ?

ಸಿರಾಜುದ್ದೀನ: ನಾ ಸಾಕ್ಷಿ. ಕರೆಂಟು ಹೋಗಿ ಗಿರಣಿ ನಿಂತಾಗೆಲ್ಲ ಈ ಮನಿ ಕಡಿ ಕಿವಿ ಕೊಟ್ಟೀನಿ. ಒಂದು ಸಪ್ಪಳ ಇಲ್ಲ.

ರಾಜೇಶ್ವರಿಗೂ ನಂಬಿಕೆ ಬರಲಿಲ್ಲ. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಕೂತು ಕಿವಿ ಕಳೆದುಕೊಂಡವಳು ಅವಳು.

ರಾಜೇಶ್ವರಿ: ರೊಟ್ಟಿ ಸಿಗ್ತಿತ್ತು ಅಂದ್ರ ಈ ಬದಾಮಿನ ಉಸಾಬರಿ ಯಾಕ ಬೇಕಿತ್ತು ನಿಮಗ?

ಬಸವಂತರಾಯ: ರೊಟ್ಟಿ ಸಿಗ್ತಿತ್ತು. ಸಪ್ಪಳ ಸಿಗ್ತಿರಲಿಲ್ಲ.

ಅಂಬರೇಶ ಹೊಸ್ತಿಲಾಚೆಯ ಕಾಲನ್ನು ಒಳಗೆ ತಂದುಕೊಂಡು ಮತ್ತೆ ಕೂತ. ಕರಾರಿನ ಕಾಗದವನ್ನು ಮತ್ತೆ ಮೊಣಕಾಲ ಮೇಲೆ ಹಾಸಿ, ಪೆನ್ನಿನ ಟೊಪ್ಪಿಗೆ ತೆಗೆದ.

ಅಂಬರೇಶ: ಇಷ್ಟು ಹೇಳಿಬಿಡ್ರಿ ಕಾಕಾ, ಈಗಿಂದೀಗ ಸಹಿ ಮಾಡ್ತೀನಿ. ನಾಕು ತಾಲೂಕಿಗಿ ಕೇಳಸೋ ನಿಮ್ಮ ಹಲ್ಲಿನಾಗ, ಕಲ್ಲಿನಂಥ ಖಡಕ್ ರೊಟ್ಟಿ, ಪಕ್ಕದ ಕೋಣ್ಯಾಗಿರೋ ಹೆಂಡ್ತಿಗಿ ಸುದ್ದಾ ಕೇಳದಂಗ ಹೆಂಗ ತಿಂದ್ರಿ?

ಎಲ್ಲರೂ ಕಾದರು. ಹಿತ್ತಲ ಬಾಗಿಲ ನಾಲ್ಕು ಮುಖಗಳೂ ಕಾದವು. ಬಸವಂತರಾಯರು ಒಮ್ಮೆ ಮಾಳಿಗೆಯ ಮೆಟ್ಟಿಲ ಕಡೆ ನೋಡಿದರು. ಕೆಳಗಿನ ಮೆಟ್ಟಿಲ ಮೇಲೆ ಬೆಳಗಿನ ದೊಡ್ಡ ಗಿಲಾಸು ಇನ್ನೂ ಹಾಗೆಯೇ ಕೂತಿತ್ತು.

ಬಸವಂತರಾಯ: ಚಾದಾಗ ಅದ್ದಿ ತಿಂದೆ.